ಇನ್ನೂರಿಪ್ಪತ್ತು ರೂಪಾಯಿ ಬೌಲು, ಎರಡು ಗಂಟೆ ಟೇಬಲ್ಲು

ಪಾಕೆಟ್ ಮನಿ ಸರಣಿ, ಕಂತು 11 (1/6)

ಹೋದ ವಾರ ಸ್ಟೋರಿಲಿ ಒಂದು ಬೌಲ್ ಫೋಟೋ ಹಾಕಿದ್ದೆ, ನೆನಪಿದ್ಯಾ? ಬಿಸಿ ಅನ್ನ, ಅದ್ರ ಮೇಲೆ ಸೋಯಾ ಸಾಸ್‌ನಲ್ಲಿ ನಿಧಾನಕ್ಕೆ ಬೆಂದ ಸಣ್ಣ ಸಣ್ಣ ಮಾಂಸದ ತುಂಡು, ಅದೇ ಸಾಸ್‌ನಲ್ಲಿ ಕಂದು ಬಣ್ಣಕ್ಕೆ ತಿರುಗಿದ ಅರ್ಧ ಮೊಟ್ಟೆ, ಪಕ್ಕದಲ್ಲಿ ಚೂರು ಸೌತೆಕಾಯಿ. ಬೆಲೆ ₹220. "ಎಲ್ಲಿ ಇದು", "ಲೊಕೇಶನ್ ಕಳ್ಸು" ಅಂತ ಡಿಎಂ ಬಂತು, ಕಳ್ಸಿದೆ. ಆಮೇಲೆ ಹೋಗಿ ಬಂದವರ ಡಿಎಂ ಶುರುವಾಯ್ತು. ಅದಕ್ಕೇ ಈ ಕಂತು.

ಬಂದ ದೂರುಗಳು ಮೂರು. "ಊಟ ಚೆನ್ನಾಗಿತ್ತು ಕಣೇ, ಆದ್ರೆ ಆಂಬಿಯನ್ಸೇ ಇಲ್ಲ, ಟ್ಯೂಬ್‌ಲೈಟು, ಸ್ಟೀಲ್ ಟೇಬಲ್ಲು." ಇನ್ನೊಬ್ಳು, "ಯಾರೋ ಗೊತ್ತಿಲ್ದಿರೋ ಅಂಕಲ್ ಜೊತೆ ಒಂದೇ ಟೇಬಲ್‌ಗೆ ಕೂರಿಸಿದ್ರು." ಮೂರನೆಯವನು ನಮ್ಮ ಸೆಕ್ಷನ್‌ನವನೇ, "ತಿಂದು ಮುಗಿಸಿ ಮಾತಾಡ್ತಾ ಕೂತಿದ್ವಿ, ಬೇರೆ ಏನಾದ್ರೂ ಬೇಕಾ ಅಂತ ಎರಡು ಸಲ ಬಂದು ಕೇಳಿದ್ರು. ಎದ್ದೇಳಿ ಅಂತಾನೇ ಅರ್ಥ ಅಲ್ವಾ?" ಹೌದು ಗುರು, ಅದೇ ಅರ್ಥ. ಅಷ್ಟಕ್ಕೆ ಹೋಗಿ ಒಂದು ಸ್ಟಾರ್ ಕೊಟ್ಟು ಬಂದಿದಾನೆ. ಊಟದ ಬಗ್ಗೆ ಒಂದಕ್ಷರ ಬರ್ದಿಲ್ಲ.

ನನ್ನ ಅಭಿಪ್ರಾಯ ಇಲ್ಲೇ ಹೇಳ್ಬಿಡ್ತೀನಿ, ಒಪ್ಪದಿದ್ದವರು ಇಲ್ಲಿಂದಲೇ ಸ್ಕ್ರಾಲ್ ಮಾಡಿ ಹೋಗ್ಬೋದು. ಆ ಬೌಲು ₹220ಕ್ಕೆ ಸಿಗ್ತಿರೋದೇ ಈ ಮೂರು ಕಾರಣದಿಂದ. ಟ್ಯೂಬ್‌ಲೈಟ್ ತೆಗೆದು ಹಳದಿ ಬಲ್ಬ್ ನೇತಾಕಿ, ಒಬ್ಬೊಬ್ರಿಗೆ ಒಂದೊಂದು ಟೇಬಲ್ ಕೊಟ್ಟು, ಎರಡು ಗಂಟೆ ಕೂರಕ್ಕೆ ಬಿಟ್ರೆ ಅದೇ ಅನ್ನ, ಅದೇ ಮೊಟ್ಟೆ ₹220ಕ್ಕೆ ಉಳಿಯಲ್ಲ. ಹೆಚ್ಚು ಕೊಡಕ್ಕೆ ಆಗೋರು ಹೆಚ್ಚು ಕೊಡ್ತಾರೆ. ಆಗದಿರೋರು, ಅಂದ್ರೆ ತಿಂಗಳ ಇಪ್ಪತ್ತನೇ ತಾರೀಖಿನ ನಂತರದ ನಾನು ಮತ್ತು ನಿಮ್ಮಲ್ಲಿ ಬಹಳಷ್ಟು ಜನ, ವಾಪಸ್ ಪಿಜಿಯ ರೈಸ್‌ಬಾತ್‌ಗೆ.

ಹೆಸರು ಈ ಪೋಸ್ಟಲ್ಲೂ ಹಾಕಲ್ಲ. ಇಪ್ಪತ್ತು ಸೀಟಿನ ಜಾಗ ಅದು. ಕಮ್ಮನಹಳ್ಳಿ ಕಡೆ ಮೇನ್ ರೋಡಿಂದ ಎರಡು ತಿರುವು ಒಳಗೆ ಅಂತ ಮಾತ್ರ ಹೇಳ್ತೀನಿ. ಬೇಕಾದವ್ರು ಕೇಳಿ, ಆದ್ರೆ ಮೊದಲು ಪೂರ್ತಿ ಓದಿ 🙂

(2/6)

"ಬೆಂಗಳೂರಲ್ಲಿ ತೈವಾನ್ ಊಟ ಯಾಕೆ?" ಅಂತ ಒಬ್ರು ಕೇಳಿದ್ರು. ಯಾಕೆ ಇರ್ಬಾರ್ದು? ದೇವನಹಳ್ಳಿ ಕಡೆ ಇರೋ ಫಾಕ್ಸ್‌ಕಾನ್ ತೈವಾನ್ ಕಂಪನಿ. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸ್ತಿದ್ದ ವಿಸ್ಟ್ರಾನ್ ಕೂಡ ತೈವಾನ್‌ದೇ, 2023ರಲ್ಲಿ ಅದನ್ನ ಟಾಟಾದವ್ರು ತಗೊಂಡ್ರು. ಕಂಪನಿ ಬಂದಮೇಲೆ ಜನ ಬರ್ತಾರೆ, ಜನಕ್ಕೆ ಸಂಜೆ ಹಸಿವಾಗುತ್ತೆ. ನಮ್ಮೋರು ಎಲ್ಲೇ ಹೋದ್ರೂ ಇಡ್ಲಿ ಹುಡುಕಲ್ವಾ, ಹಾಗೆ.

ಆ ಬೌಲ್ ಹೆಸರು ಲೂ ರೋ ಫಾನ್. ತೈವಾನ್‌ನಲ್ಲಿ ಇದು ಬಡವರ, ಕೂಲಿ ಮಾಡೋರ, ಸ್ಟೂಡೆಂಟುಗಳ ಊಟ. ಅಲ್ಲಿ ಹಂದಿಮಾಂಸದಲ್ಲಿ ಮಾಡ್ತಾರೆ. ಒಳ್ಳೆ ತುಂಡು ಕೊಳ್ಳಕ್ಕೆ ಆಗ್ದಿದ್ದವ್ರು ಚರ್ಮ, ಕೊಬ್ಬು, ಉಳಿದ ಚೂರುಪಾರು ಎಲ್ಲಾ ಸಣ್ಣಗೆ ಹೆಚ್ಚಿ, ಹುರಿದ ಸಣ್ಣ ಈರುಳ್ಳಿ ಹಾಕಿ, ಸೋಯಾ ಸಾಸ್‌ನಲ್ಲಿ ಬೇಯ್ಸಿ, ಒಂದು ಸೌಟು ಗ್ರೇವಿಲಿ ಒಂದು ಬಟ್ಟಲು ಅನ್ನ ಇಳಿಸ್ತಿದ್ರು. ಸ್ವಲ್ಪ ಮಾಂಸ, ಜಾಸ್ತಿ ಅನ್ನ. ನಮ್ಮಜ್ಜಿ ಒಂದೇ ಒಂದು ಒಣಮೀನು ಹಾಕಿ ಮನೆಮಂದಿಗೆಲ್ಲ ಸಾರು ಮಾಡ್ತಿದ್ದ ಲೆಕ್ಕಾನೇ ಇದು. ಇಲ್ಲಿಯ ಹೋಟ್ಲಲ್ಲಿ ಹಂದಿ, ಕೋಳಿ ಎರಡೂ ಇದೆ. ನಾನು ತಿಂದಿದ್ದು ಕೋಳಿ.

ಇಂಥ ಚಿಕ್ಕಪುಟ್ಟ ಊಟಕ್ಕೆ ಅಲ್ಲಿ ಶ್ಯಾವ್‌ಚ ಅಂತಾರೆ, ಸಣ್ಣ ತಿನಿಸು ಅಂತ ಅರ್ಥ. ಜೇಬಲ್ಲಿರೋ ಚಿಲ್ಲರೆಗೇ ಸಿಗೋ ರುಚಿಯಾದ ತಿನಿಸಿಗೆ ಇನ್ನೊಂದು ಪದಾನೇ ಇದೆ, ಕನ್ನಡಕ್ಕೆ ತಂದ್ರೆ "ನಾಣ್ಯದ ರುಚಿ" ಅನ್ಬೋದು. ಅವರ 50 ಡಾಲರ್‌ದೂ ನಾಣ್ಯಾನೇ, ನಮ್ಮ ಲೆಕ್ಕದಲ್ಲಿ ನೂರ ಮೂವತ್ತು, ನಲವತ್ತು ರೂಪಾಯಿ ಆಸುಪಾಸು. ನೋಟು ಮುರಿಸದೆ ಊಟ ಮುಗಿಸ್ಬೋದು ಅನ್ನೋದು ಅಲ್ಲಿ ಹೆಮ್ಮೆ, ಮುಜುಗರ ಅಲ್ಲ. ಇದು ನನಗೆ ತುಂಬಾ ಹಿಡಿಸ್ತು. ನಮ್ಮಲ್ಲಿ "ಚೀಪ್" ಅನ್ನೋದೇ ಬೈಗುಳ ಆಗೋಗಿದೆ.

ಮಿಶೆಲಿನ್ ಗೈಡ್ ಗೊತ್ತಲ್ಲ, ಹೋಟೆಲ್‌ಗಳಿಗೆ ನಕ್ಷತ್ರ ಕೊಡೋ ಫ್ರೆಂಚ್ ಟೈರ್ ಕಂಪನಿ ಪುಸ್ತಕ. ಅದು ತೈಪೆಗೆ ಮೊದಲು ಬಂದಿದ್ದು 2018ರಲ್ಲಿ. ಕಡಿಮೆ ಬೆಲೆಗೆ ಒಳ್ಳೆ ಊಟ ಕೊಡೋ ಜಾಗಗಳಿಗೆ ಅದರಲ್ಲಿ ಬಿಬ್ ಗೂರ್ಮಾಂಡ್ ಅಂತ ಬೇರೆ ಪಟ್ಟಿ ಇದೆ. ತೈಪೆಯ ಆ ಪಟ್ಟಿಲಿ ರಾತ್ರಿ ಸಂತೆಯ ತಳ್ಳುಗಾಡಿ ಥರದ ಅಂಗಡಿಗಳೂ ಇವೆ. ಪ್ಲಾಸ್ಟಿಕ್ ಸ್ಟೂಲ್ ಹಾಕಿದ್ದಕ್ಕೆ ಯಾರೂ ಅವಕ್ಕೆ ಮಾರ್ಕ್ಸ್ ಕಟ್ ಮಾಡ್ಲಿಲ್ಲ.

ಇನ್ನು "ಚೈನೀಸ್ ತಾನೇ, ಗೋಬಿ ಮಂಚೂರಿ ಇದ್ಯಾ?" ಅಂತ ಕೇಳಿದವರಿಗೆ: ಇಲ್ಲ. ಗೋಬಿ ಮಂಚೂರಿ ನಮ್ಮ ದೇಶದ್ದೇ ಮಗು, ಮಂಚೂರಿಯಾಗೂ ಅದಕ್ಕೂ ಸಂಬಂಧ ಇಲ್ಲ. ತೈವಾನ್ ಊಟದ ಕತೆ ಬೇರೆ. ಚೀನಾದ ಫೂಜಿಯಾನ್ ಕಡೆಯಿಂದ ಹೋಗಿ ನೆಲೆಸಿದವರ ಅಡುಗೆ, ಹಕ್ಕಾ ಜನರ ಅಡುಗೆ, ಅವ್ರೆಲ್ಲರಿಗಿಂತ ಮೊದಲಿನಿಂದ ಅಲ್ಲೇ ಇದ್ದ ಮೂಲನಿವಾಸಿಗಳ ಅಡುಗೆ. 1895ರಿಂದ 1945ರವರೆಗೆ ಜಪಾನ್ ಆಳ್ವಿಕೆ ಇತ್ತಲ್ಲ, ಅವರ ಡಬ್ಬಿ ಊಟ ಅಲ್ಲೇ ಉಳ್ಕೊಂಡು ಇವತ್ತಿಗೂ ರೈಲಲ್ಲಿ ಸಿಗುತ್ತೆ. 1949ರಲ್ಲಿ ಚೀನಾದಿಂದ ಸೋತು ಬಂದ ಸೈನಿಕರು, ಅವರ ಸಂಸಾರಗಳು ನೂಡಲ್ಸ್ ಅಡುಗೆ ತಂದ್ರು. ಆಮೇಲೆ ಅಮೆರಿಕದ ನೆರವಲ್ಲಿ ಗೋಧಿ ಬಂತು, ಅನ್ನ ತಿನ್ನೋ ದ್ವೀಪದಲ್ಲಿ ನೂಡಲ್ಸು, ಬನ್ನು ಎಲ್ಲಾ ಕಡೆ ಹರಡ್ತು.

ಅಲ್ಲಿಯ ಫೇಮಸ್ ಬೀಫ್ ನೂಡಲ್ ಸೂಪು ಕೂಡ ಹೀಗೆ ಹೊರಗಿಂದ ಬಂದವರ ಕೈರುಚಿ. ಅದಕ್ಕಿಂತ ಮುಂಚೆ ತೈವಾನ್‌ನ ಎಷ್ಟೋ ರೈತರ ಮನೆಲಿ ದನದ ಮಾಂಸ ತಿಂತಿರ್ಲಿಲ್ಲ, ಗದ್ದೆ ಉಳೋ ಪ್ರಾಣಿನ ತಿನ್ನೋದು ಹೇಗೆ ಅಂತ. ಈಗ್ಲೂ ಕೆಲವು ಹಿರಿಯರು ತಿನ್ನಲ್ವಂತೆ. ತಿನ್ನೋರು, ತಿನ್ನದಿರೋರು ಒಂದೇ ಬೀದಿಲಿ ಇದಾರೆ. ಇಷ್ಟೇ ಹೇಳಿ ಮುಂದಕ್ಕೆ ಹೋಗ್ತೀನಿ, ಕಾಮೆಂಟಲ್ಲಿ ಯುದ್ಧ ಬೇಡ.

(3/6)

ಈಗ ಟೇಬಲ್ ವಿಷ್ಯ. ನನಗೆ ಜಾಸ್ತಿ ಕೋಪ ಬಂದಿದ್ದು ಈ ದೂರಿಗೆ.

ತೈವಾನ್‌ನ ಚಿಕ್ಕ ಅಂಗಡಿಗಳಲ್ಲಿ ರಶ್ ಇದ್ದಾಗ ಟೇಬಲ್ ಹಂಚ್ಕೊಳ್ಳೋದು ಮಾಮೂಲಿ. ನೀನು ಒಬ್ಬಳೇ ನಾಲ್ಕು ಸೀಟಿನ ಟೇಬಲ್‌ನಲ್ಲಿ ಕೂತಿದ್ರೆ ಎದುರಿಗೆ ಇನ್ಯಾರೋ ಬಂದು ಕೂರ್ತಾರೆ. ಮಾತಾಡ್ಬೇಕಿಲ್ಲ, ನಗಬೇಕಿಲ್ಲ, ನಿನ್ನ ಬೌಲ್ ನಿಂದು, ಅವರ ಬೌಲ್ ಅವರ್ದು. ಎಷ್ಟೋ ಕಡೆ ಆರ್ಡರ್ ತಗೊಳ್ಳಕ್ಕೂ ಯಾರೂ ಬರಲ್ಲ. ಟೇಬಲ್ ಮೇಲೆ ಒಂದು ಕಟ್ಟು ಚೀಟಿ, ಒಂದು ಪೆನ್ಸಿಲ್. ಬೇಕಾದ್ದಕ್ಕೆ ಗುರುತು ಹಾಕಿ ಕೌಂಟರ್‌ಗೆ ಕೊಡ್ಬೇಕು. ಚಾಪ್‌ಸ್ಟಿಕ್ಕು, ಚಮಚ, ಸಾಸು ನೀವೇ ತಗೋಬೇಕು. ಪಲ್ಯದ ಥರದ ಸಣ್ಣ ಪ್ಲೇಟುಗಳು ಗಾಜಿನ ಫ್ರಿಜ್ಜಲ್ಲಿ ಇರುತ್ತೆ, ನೀವೇ ಎತ್ಕೊಂಡು ಬರ್ಬೇಕು. ಟಿಪ್ಸ್ ಕೊಡೋ ರೂಢಿ ಇಲ್ಲ. ಈ ಕಮ್ಮನಹಳ್ಳಿ ಹೋಟ್ಲಲ್ಲೂ ಹೆಚ್ಚುಕಮ್ಮಿ ಇದೇ ಥರ, ಚೀಟಿ ಪೆನ್ಸಿಲ್ ಸಮೇತ.

ಇದನ್ನ ಓದ್ತಾ ನಿಮಗೆ ಯಾವುದಾದ್ರೂ ನೆನಪಾಗ್ತಿದ್ಯಾ? ದರ್ಶಿನಿ ಕಣ್ರಪ್ಪ! ಮೊದ್ಲು ದುಡ್ಡು ಕೊಟ್ಟು ಟೋಕನ್ ತಗೋ, ಕೌಂಟರ್‌ನಲ್ಲಿ ಕೊಡು, ನಿನ್ನ ತಟ್ಟೆ ನೀನೇ ಎತ್ಕೋ, ಚಟ್ನಿಗೆ ಕೈ ಚಾಚು, ನಿಂತ್ಕೊಂಡು ತಿನ್ನು, ತಟ್ಟೆ ಟಬ್‌ನಲ್ಲಿ ಹಾಕಿ ಹೊರಡು. 1980ರ ದಶಕದಲ್ಲಿ ಬೆಂಗಳೂರಲ್ಲಿ ಶುರುವಾದ ಈ ಪದ್ಧತಿ ಇಲ್ದಿದ್ರೆ ಈ ಊರಲ್ಲಿ ನಮ್ಮಂಥವ್ರು ಬದುಕೋದೇ ಕಷ್ಟ ಇತ್ತು. ದರ್ಶಿನಿಲಿ ಯಾರಾದ್ರೂ "ಆಂಬಿಯನ್ಸ್ ಇಲ್ಲ" ಅಂತ ಒಂದು ಸ್ಟಾರ್ ಕೊಡ್ತಾರಾ? ಪಕ್ಕದಲ್ಲಿ ಆಟೋ ಅಣ್ಣ ನಿಂತು ಕಾಫಿ ಕುಡೀತಿದ್ರೆ "ಪ್ರೈವೆಸಿ ಇಲ್ಲ" ಅಂತೀವಾ? ಹಾಗಾದ್ರೆ ಮೆನುಲಿ ಬೇರೆ ದೇಶದ ಹೆಸರು ಕಂಡ ತಕ್ಷಣ ನಮಗೆ ಸೋಫಾ ಬೇಕು ಅಂತ ಯಾಕೆ ಅನ್ಸುತ್ತೆ?

ಇನ್ನೊಂದು ಮಾತು, ಸ್ವಲ್ಪ ಸೀರಿಯಸ್. ಯಾರ ಪಕ್ಕ ಕೂತು ಊಟ ಮಾಡ್ತೀವಿ ಅನ್ನೋದು ನಮ್ಮ ನಾಡಲ್ಲಿ ಯಾವತ್ತೂ ಸಣ್ಣ ವಿಷ್ಯ ಆಗಿರ್ಲಿಲ್ಲ. ಹಳೇ ಹೋಟೆಲ್‌ಗಳಲ್ಲಿ ಬ್ರಾಹ್ಮಣರಿಗೆ ಅಂತ ಬೇರೆ ಜಾಗ ಇರ್ತಿತ್ತು. ಹಳ್ಳಿ ಹೋಟ್ಲಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟಿದ್ದು ಅಜ್ಜನ ಕಾಲದ ಕತೆ ಮಾತ್ರ ಅಲ್ಲ. ದರ್ಶಿನಿಯ ಆ ಎತ್ತರದ ಸ್ಟೀಲ್ ಟೇಬಲ್ ಮುಂದೆ ಎಲ್ರೂ ಒಂದೇ ಥರ ನಿಂತ್ಕೋತಾರೆ. ನೀನ್ಯಾರು ಅಂತ ಯಾರೂ ಕೇಳಲ್ಲ. ಹಾಗಿರುವಾಗ "ಗೊತ್ತಿಲ್ದಿರೋರ ಜೊತೆ ಕೂರಿಸಿದ್ರು" ಅಂತ ಕಂಪ್ಲೇಂಟ್ ಓದಿದ್ರೆ ನನಗೆ ಹೊಟ್ಟೆಲಿ ಏನೋ ಆಗುತ್ತೆ. ಅವಳ ಮನಸಲ್ಲಿ ಅದಿತ್ತು ಅಂತ ಹೇಳ್ತಿಲ್ಲ, ಅವಳು ನನ್ನ ಫ್ರೆಂಡೇ. ಒಬ್ಬ ಹುಡುಗಿಗೆ ಅಪರಿಚಿತ ಗಂಡಸಿನ ಎದುರು ಕೂತು ತಿನ್ನೋದು ಕಸಿವಿಸಿ ಆದ್ರೆ ಅದು ನ್ಯಾಯವಾದ ಮಾತು. ಆಗ ಹೇಳು, ಬೇರೆ ಸೀಟ್ ಕೊಡ್ತಾರೆ. ನಾನೇ ಒಂದು ಸಲ ಕೇಳಿದೀನಿ, ಗೋಡೆ ಕಡೆ ಇದ್ದ ಆಂಟಿ ಎದುರು ಕೂರಿಸಿದ್ರು. ಆದ್ರೆ ಟೇಬಲ್ ಹಂಚ್ಕೊಳ್ಳೋದೇ ತಪ್ಪು ಅಂತ ಊರಿಗೆಲ್ಲ ಹೇಳ್ಬೇಡಿ.

(4/6)

ಬಿಕಾಂ ಓದಿ ಏನ್ ಮಾಡ್ತೀಯ ಅಂತ ಕೇಳೋ ನೆಂಟರಿಗೆ ಈ ಭಾಗ ಅರ್ಪಣೆ.

ಕಾಸ್ಟ್ ಅಕೌಂಟಿಂಗ್ ಪೇಪರ್‌ಗೆ ಮಾರ್ಜಿನಲ್ ಕಾಸ್ಟಿಂಗ್ ಬಾಯಿಪಾಠ ಹೊಡ್ದಿದ್ದೀವಲ್ಲ, ಅದನ್ನ ಒಂದ್ಸಲ ನಿಜವಾದ ಊಟದ ಮೇಲೆ ಹಾಕಿ ನೋಡೋಣ. ಅವರ ಲೆಕ್ಕದ ಪುಸ್ತಕ ನಾನು ನೋಡಿಲ್ಲ, ಇವೆಲ್ಲ ಲೆಕ್ಕ ಮಾಡಕ್ಕೆ ಸುಲಭ ಆಗ್ಲಿ ಅಂತ ನಾನೇ ಇಟ್ಕೊಂಡ ಅಂಕಿಗಳು.

ಒಂದು ಬೌಲ್ ₹220. ಅಕ್ಕಿ, ಮಾಂಸ, ಮೊಟ್ಟೆ, ಗ್ಯಾಸ್, ಪಾರ್ಸಲ್ ಡಬ್ಬಿ, ಇಂಥ ಪ್ರತಿ ಬೌಲ್‌ಗೂ ಆಗೋ ಖರ್ಚು ₹110 ಅಂತಿಟ್ಕೊಳ್ಳಿ. ಉಳಿದ ₹110 ಕಾಂಟ್ರಿಬ್ಯೂಷನ್. ಇನ್ನು ಒಂದು ಬೌಲ್ ಮಾರಿದ್ರೂ, ಒಂದೂ ಮಾರದಿದ್ರೂ ಕಟ್ಟಲೇಬೇಕಾದ್ದು: ಬಾಡಿಗೆ ₹90,000, ನಾಲ್ಕು ಜನರ ಸಂಬಳ ತಲಾ ₹20,000ದಂತೆ ₹80,000, ಕರೆಂಟು, ನೀರು, ಲೈಸೆನ್ಸು, ರಿಪೇರಿ ಎಲ್ಲಾ ಸೇರಿ ₹50,000. ಒಟ್ಟು ₹2,20,000. ಭಾಗಿಸಿ: ತಿಂಗಳಿಗೆ 2,000 ಬೌಲ್ ಮಾರಿದ್ರೆ ಲಾಭಾನೂ ಇಲ್ಲ, ನಷ್ಟಾನೂ ಇಲ್ಲ. ತಿಂಗಳಿಗೆ 25 ದಿನ ಬಾಗಿಲು ತೆಗೆದ್ರೆ ದಿನಕ್ಕೆ 80 ಬೌಲ್. ಇಪ್ಪತ್ತು ಸೀಟಿದೆ, ಅಂದ್ರೆ ಪ್ರತಿ ಸೀಟಲ್ಲೂ ದಿನಕ್ಕೆ ನಾಲ್ಕು ಜನ ಕೂತು ಎದ್ದಿರ್ಬೇಕು.

ನಾಲ್ಕು ಅಂದ್ರೆ ಸಣ್ಣ ನಂಬರ್ ಥರ ಕಾಣುತ್ತೆ. ಆದ್ರೆ ಇದು ಊಟದ ಹೋಟ್ಲು, ಜನ ಬರೋದು ಮಧ್ಯಾಹ್ನ ಒಂದೂವರೆ ಗಂಟೆ, ರಾತ್ರಿ ಒಂದೂವರೆ ಗಂಟೆ. ಒಟ್ಟು ಮೂರು ಗಂಟೆ ರಶ್. 180 ನಿಮಿಷನ ನಾಲ್ಕರಿಂದ ಭಾಗಿಸಿದ್ರೆ ಒಬ್ರಿಗೆ 45 ನಿಮಿಷ. ಆರ್ಡರ್ ಕೊಟ್ಟು, ಕಾದು, ತಿಂದು, ಬಿಲ್ ಕಟ್ಟಿ ಎದ್ದೇಳಕ್ಕೆ. ಧಾರಾಳವಾಗಿ ಸಾಕು.

ಈಗ ನಮ್ಮ ಗ್ಯಾಂಗ್ ಬರುತ್ತೆ. ನಾಲ್ಕು ಜನ, ಎರಡು ಬೌಲ್, ಒಂದು ಬಬಲ್ ಟೀ, ನಾಲ್ಕು ಸ್ಟ್ರಾ. ರಾತ್ರಿ ಎಂಟಕ್ಕೆ ಕೂತ್ರೆ ಹತ್ತಕ್ಕೆ ಎದ್ದೇಳೋದು. ಆ ನಾಲ್ಕು ಸೀಟಲ್ಲಿ ಆ ಎರಡು ಗಂಟೆಲಿ ಹತ್ತು ಬೌಲ್ ಹೋಗ್ಬೋದಿತ್ತು, ಹೋಗಿದ್ದು ಎರಡು. ಇಡೀ ಹೋಟ್ಲಲ್ಲಿ ಇದೇ ನಡೆದು ದಿನಕ್ಕೆ 80ರ ಬದಲು 40 ಬೌಲ್ ಮಾತ್ರ ಹೋಯ್ತು ಅಂದ್ಕೊಳ್ಳಿ. ತಿಂಗಳಿಗೆ 1,000. ಅದೇ ₹2,20,000 ಎತ್ತಬೇಕು ಅಂದ್ರೆ ಒಂದು ಬೌಲ್‌ನಲ್ಲಿ ₹220 ಕಾಂಟ್ರಿಬ್ಯೂಷನ್ ಬೇಕು, ಮೇಲೆ ₹110 ಖರ್ಚು. ಹೊಸ ಬೆಲೆ ₹330.

ಸಾಮಾನು ಅದೇ, ಅಡುಗೆಯವರೂ ಅವರೇ. ಆ ಜಾಸ್ತಿ ₹110 ಪೂರ್ತಿ ಕುರ್ಚಿ ಬಾಡಿಗೆ.

ಇದರಲ್ಲಿ ಮಾಲೀಕರಿಗೆ ಇನ್ನೂ ಒಂದು ರೂಪಾಯಿ ಲಾಭ ಸೇರಿಸಿಲ್ಲ ಅನ್ನೋದು ನೆನಪಿರ್ಲಿ. "ಬೆಲೆ ಏರಿಸಿದ್ರು, ದುರಾಸೆ" ಅಂತ ಆಮೇಲೆ ಕಾಮೆಂಟ್ ಹಾಕೋರೂ ನಾವೇ.

(ಅಂದಹಾಗೆ ಇಂಡೈರೆಕ್ಟ್ ಟ್ಯಾಕ್ಸ್ ಓದ್ತಿರೋರಿಗೆ: ಚಿಕ್ಕ ಹೋಟ್ಲು ಜಿಎಸ್‌ಟಿ ಕಾಂಪೊಸಿಷನ್ ಸ್ಕೀಮ್‌ನಲ್ಲಿದ್ರೆ ಗಿರಾಕಿ ಹತ್ರ ಟ್ಯಾಕ್ಸ್ ಬೇರೆಯಾಗಿ ವಸೂಲಿ ಮಾಡೋ ಹಾಗಿಲ್ಲ. ಬಿಲ್ ಮೇಲೇ ಹಾಗಂತ ಬರ್ದಿರ್ಬೇಕು. ಊಟ ಮಾಡಿದ ಮೇಲೆ ಬಿಲ್ಲನ್ನ ಒಂದ್ಸಲ ಓದಿ, ಎಕ್ಸಾಮ್‌ಗೂ ಆಗುತ್ತೆ.)

(5/6)

ಫೋಟೋ. ಇಲ್ಲಿ ಬರ್ದುಕೊಂಡು ಫೋಟೋ ತೆಗೀಬೇಡಿ ಅಂದ್ರೆ ನೀವೇ ನಗ್ತೀರ. ತೆಗೀರಿ. ಒಂದು ನಿಮಿಷ ಸಾಕು. ನಮ್ಮ ಕಾಲೇಜಿನವರದ್ದೇ ಒಂದು ರೀಲ್ ನೋಡಿದೆ, ಅನ್ನದ ಮಧ್ಯ ಎರಡು ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಿ ನಿಲ್ಸಿ, ಸುತ್ತ ಕ್ಯಾಮೆರಾ ತಿರುಗ್ಸಿದ್ದಾರೆ. ತೈವಾನ್‌ನಲ್ಲಿ ಅನ್ನದಲ್ಲಿ ಚಾಪ್‌ಸ್ಟಿಕ್ ನಿಲ್ಸೋದು ಸತ್ತವರಿಗೆ ಇಡೋ ಅನ್ನದ ಥರ, ಊದುಬತ್ತಿ ಹಚ್ಚಿಟ್ಟ ಹಾಗೆ ಕಾಣುತ್ತೆ ಅಂತ. ನಮ್ಮ ಮನೆ ಊಟದ ಎಲೆ ಮೇಲೆ ಯಾರೋ ತಿಥಿ ಪಿಂಡದ ಥರ ಉಂಡೆ ಕಟ್ಟಿ "ಕ್ಯೂಟ್" ಅಂತ ಫೋಟೋ ತೆಗೆದ್ರೆ ಅಮ್ಮ ಏನಂತಾರೆ ಯೋಚ್ನೆ ಮಾಡಿ. ಚಾಪ್‌ಸ್ಟಿಕ್‌ನ ಬೌಲ್ ಮೇಲೆ ಅಡ್ಡ ಇಡಿ, ಮುಗೀತು. ಹಿಡಿಯಕ್ಕೆ ಬರ್ದಿದ್ರೆ ಚಮಚ ಇದೆ, ಅದರಲ್ಲಿ ನಾಚಿಕೆ ಏನೂ ಇಲ್ಲ. ಬೌಲನ್ನ ಕೈಲಿ ಎತ್ತಿ ಬಾಯಿ ಹತ್ರ ಹಿಡ್ಕೊಂಡು ತಿನ್ನೋದು ಅಲ್ಲಿ ಸರಿಯಾದ ಪದ್ಧತಿ. ಸಂಕೋಚ ಬೇಡ.

ಇನ್ನೊಂದು ವಿಷ್ಯ ಗಟ್ಟಿಯಾಗಿ ಹೇಳ್ಬೇಕು. ಅಲ್ಲಿ ಬೌಲ್ ತಂದು ಕೊಡೋ ಹುಡುಗ ಮಣಿಪುರದವನು. ಅವನಿಗೆ "ನೀ ಹಾವ್" ಅನ್ನೋದು, ಅಂದು ತಮ್ಮತಮ್ಮಲ್ಲೇ ಕಿಸಕಿಸ ನಗೋದು, ಅದನ್ನ ವಿಡಿಯೋ ಮಾಡೋದು, ಇದು ಯಾವ ಜೋಕು? ಅವನು ನನ್ನ ಜೊತೆ ಕನ್ನಡದಲ್ಲಿ ಮಾತಾಡ್ತಾನೆ, "ಅಕ್ಕ ಇವತ್ತು ಮೊಟ್ಟೆ ಚೆನ್ನಾಗಿ ಬಂದಿದೆ" ಅಂತಾನೆ. 2012ರ ಆಗಸ್ಟ್‌ನಲ್ಲಿ ಒಂದು ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಇದೇ ಬೆಂಗಳೂರಿಂದ ಗುವಾಹಟಿ ರೈಲು ಹತ್ತಿ ಹೋಗಿದ್ರು. ಆಗ ನಾವು ಚಿಕ್ಕ ಮಕ್ಕಳು, ಗೊತ್ತಿರ್ಲಿಲ್ಲ. ಈಗ ದೊಡ್ಡವರಾಗಿದ್ದೀವಿ.

ವೆಜ್ ಫ್ರೆಂಡ್ಸ್‌ಗೆ. ತುಂಬಾ ಜನ ಕೇಳಿದ್ದೀರ. ತೈವಾನ್‌ನಲ್ಲಿ ಬೌದ್ಧರು ಮತ್ತೆ ಇನ್ನೂ ಕೆಲವು ಪಂಥದವರು ಮಾಂಸ ಬಿಟ್ಟವರು ಬಹಳ ಇದಾರೆ, ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿ ತಿನ್ನದಿರೋರೂ ಇದಾರೆ, ಥೇಟ್ ನಮ್ಮ ಜೈನರ ಹಾಗೆ. ಅಲ್ಲಿ ಪ್ಯಾಕೆಟ್ ಊಟದ ಮೇಲೆ ವೆಜ್ ಅಂತ ಹಾಕಿದ್ರೆ ಸಾಲದು, ಯಾವ ವೆಜ್ ಅಂತ ಹೇಳ್ಬೇಕು: ಪೂರ್ತಿ ಸಸ್ಯದ್ದಾ, ಮೊಟ್ಟೆ ಇದ್ಯಾ, ಹಾಲಿದ್ಯಾ, ಎರಡೂ ಇದ್ಯಾ, ಈರುಳ್ಳಿ ಬೆಳ್ಳುಳ್ಳಿ ಜಾತಿಯದ್ದು ಇದ್ಯಾ. ಐದು ಬಗೆ. ನಮ್ಮ ಹಸಿರು ಚುಕ್ಕೆಗಿಂತ ಎಷ್ಟು ಸ್ಪಷ್ಟ ನೋಡಿ! ಹಾಗಾಗಿ ಈ ಹೋಟ್ಲಲ್ಲಿ "ಬೆಳ್ಳುಳ್ಳಿ ಹಾಕ್ಬೇಡಿ" ಅಂದ್ರೆ ವಿಚಿತ್ರವಾಗಿ ನೋಡಲ್ಲ. ತೋಫು ಬೌಲ್ ಇದೆ, ಈರುಳ್ಳಿ ಸೊಪ್ಪು ಹಾಕಿದ ಪದರ ಪದರದ ಪರೋಟ ಇದೆ (ಕೇರಳ ಪರೋಟದ ದೂರದ ತಂಗಿ ಅನ್ಸುತ್ತೆ). ಆದ್ರೆ ಒಂದೇ ಅಡುಗೆಮನೆ, ಒಂದೇ ಬಾಣಲೆ. ಅದು ಆಗಲ್ಲ ಅನ್ನೋರು ಹೋಗ್ಬೇಡಿ, ತಪ್ಪೇನಿಲ್ಲ, ಅದು ನಿಮ್ಮ ನಿಯಮ. ಹೋಗಿ ಕೂತು, ಪಕ್ಕದ ಟೇಬಲ್ ಪ್ಲೇಟ್ ನೋಡಿ ಮೂಗು ಮುಚ್ಕೊಳ್ಳೋದು ಮಾತ್ರ ಅಸಹ್ಯ.

ಈಗ ಬಬಲ್ ಟೀ. ಆ ಕಪ್ಪು ಮುತ್ತುಗಳು ಏನು ಗೊತ್ತಾ? ಮರಗೆಣಸಿನ ಹಿಟ್ಟು. ನಮ್ಮ ಸಬ್ಬಕ್ಕಿ ಯಾವುದರಿಂದ ಮಾಡ್ತಾರೆ? ಅದೇ ಮರಗೆಣಸು. ಅಂದ್ರೆ ಹಬ್ಬದ ದಿನ "ಅಮ್ಮಾ ಮತ್ತೆ ಸಬ್ಬಕ್ಕಿ ಪಾಯಸಾನಾ" ಅಂತ ಮುಖ ಸಿಂಡರಿಸಿದವ್ರು, ಇಲ್ಲಿ ಅದರ ಅಣ್ಣನಿಗೆ ದುಡ್ಡು ಕೊಟ್ಟು ಸೆಲ್ಫಿ ತೆಗೀತಿದೀರಿ 😌 ಅದು ಹುಟ್ಟಿದ್ದು 1980ರ ದಶಕದಲ್ಲಿ. ತೈಚುಂಗ್ ಊರಿನ ಒಂದು ಟೀ ಅಂಗಡಿ, ತೈನಾನ್‌ನ ಇನ್ನೊಂದು, ಎರಡೂ "ನಾವೇ ಮೊದಲು" ಅಂತ ಕೋರ್ಟಿಗೆ ಹೋಗಿ ವರ್ಷಗಟ್ಟಲೆ ಹೊಡೆದಾಡಿದ್ರು. ಕೊನೆಗೆ 2019ರಲ್ಲಿ ಕೋರ್ಟ್ ಹೇಳಿದ್ದು, ಇದನ್ನ ಯಾರು ಬೇಕಾದ್ರೂ ಮಾಡ್ಬೋದು ಅಂತ. ಮೈಸೂರು ಪಾಕ್ ಯಾರದ್ದು ಅಂತ ಪ್ರತಿ ವರ್ಷ ಟ್ವಿಟರ್‌ನಲ್ಲಿ ಕಿತ್ತಾಡೋ ನಮಗೆ ಅರ್ಥ ಆಗುತ್ತೆ.

ಆ ಮುತ್ತು ಹಲ್ಲಿಗೆ ಸಿಕ್ಕಾಗ ಪುಟಿಯುತ್ತಲ್ಲ, ಮೆತ್ತಗೂ ಅಲ್ಲ ಗಟ್ಟಿಯೂ ಅಲ್ಲ, ಅದಕ್ಕೆ ತೈವಾನ್‌ನವರು ಇಂಗ್ಲಿಷ್ ಅಕ್ಷರ ಬಳಸ್ತಾರೆ: "ಕ್ಯೂ". ತುಂಬಾ ಚೆನ್ನಾಗಿದ್ರೆ "ಕ್ಯೂ ಕ್ಯೂ". ಬೆಂಗಳೂರಲ್ಲಿ ಕ್ಯೂ ಅಂದ್ರೆ ಬೇರೆ ಅರ್ಥ, ಆ ಹೋಟ್ಲ ಮುಂದೆ ಶನಿವಾರ ಎರಡೂ ಸಿಗುತ್ತೆ.

(ಇನ್ನೊಂದು ಸಣ್ಣದು. ಹಾಸ್ಟೆಲಲ್ಲಿ ರಾತ್ರಿ ಹನ್ನೊಂದಕ್ಕೆ ನಮ್ಮ ಪ್ರಾಣ ಉಳಿಸೋ ಇನ್‌ಸ್ಟಂಟ್ ನೂಡಲ್ಸ್ ಕಂಡುಹಿಡಿದ ಮೊಮೊಫುಕು ಆಂಡೊ ಹುಟ್ಟಿದ್ದು 1910ರಲ್ಲಿ ತೈವಾನ್‌ನಲ್ಲಿ. ನೂಡಲ್ಸ್ ಮಾಡಿದ್ದು ಜಪಾನ್‌ನಲ್ಲಿ, 1958ರಲ್ಲಿ. ಎರಡು ನಿಮಿಷ ಅಂತ ಪ್ಯಾಕೆಟ್ ಮೇಲೆ ಬರೆದವ್ರು ಯಾರೋ ಗೊತ್ತಿಲ್ಲ, ಅವ್ರ ಮೇಲೆ ಬೇರೆ ಕಂತು ಬರೀಬೇಕು.)

(6/6)

ನಿಮ್ಮ ಕಡೆಯ ವಾದಾನೂ ಕೇಳಿದೀನಿ. ನಮ್ಮ ಕ್ಲಾಸಿನ ಒಬ್ಳು ವಾಯ್ಸ್ ನೋಟ್ ಕಳ್ಸಿದ್ಳು: "ಲೆಕ್ಕ ಎಲ್ಲಾ ಸರಿ ಕಣೇ, ಆದ್ರೆ ನಾವು ಕೂರೋದಾದ್ರೂ ಎಲ್ಲಿ?" ಈ ಮಾತಿಗೆ ನನ್ನ ಹತ್ರ ತಕ್ಷಣ ಉತ್ತರ ಇರ್ಲಿಲ್ಲ.

ಯಾಕಂದ್ರೆ ಅವಳು ಹೇಳಿದ್ದು ನಿಜ. ಪಿಜಿಲಿ ಮೂರು ಜನಕ್ಕೆ ಒಂದು ರೂಮು, ಫ್ರೆಂಡ್ಸ್ ಒಳಗೆ ಬರೋ ಹಾಗಿಲ್ಲ. ಕಾಲೇಜು ಗೇಟು ಸಂಜೆ ಮುಚ್ತಾರೆ. ಪಾರ್ಕಲ್ಲಿ ಹುಡುಗ ಹುಡುಗಿ ಒಂದೇ ಬೆಂಚಲ್ಲಿ ಕೂತ್ರೆ ವಾಕಿಂಗ್ ಬಂದ ತಾತಂದಿರು ನೋಡೋ ನೋಟ ನಿಮಗೆ ಗೊತ್ತು. ಮಾಲ್‌ನಲ್ಲಿ ಕೂರಕ್ಕೆ ಏನಾದ್ರೂ ಕೊಳ್ಳಬೇಕು. ದುಡ್ಡು ಕೊಡದೆ ಸುಮ್ನೆ ಕೂತು ಹರಟೆ ಹೊಡಿಯೋ ಜಾಗ, ಅದರಲ್ಲೂ ಹುಡುಗೀರಿಗೆ, ಈ ಊರಲ್ಲಿ ಬಹಳ ಕಡಿಮೆ. ಅದಕ್ಕೇ ಒಂದು ಟೀ ತಗೊಂಡು ಎರಡು ಗಂಟೆ ಕೂರ್ತೀವಿ. ಟೀ ನೆಪ, ನಾವು ಕೊಳ್ತಿರೋದು ಕುರ್ಚಿನೇ.

ಆದ್ರೆ ಊರಿಗೆ ಕೂರೋ ಜಾಗ ಇಲ್ಲ ಅನ್ನೋ ಖರ್ಚನ್ನ ಇಪ್ಪತ್ತು ಸೀಟಿನ ಒಂದು ಅಡುಗೆಮನೆ ಯಾಕೆ ಹೊರಬೇಕು? ಕುರ್ಚಿಗೇ ದುಡ್ಡು ತಗೊಳ್ಳೋ ಜಾಗಗಳಿವೆ. ದೊಡ್ಡ ಕೆಫೆಗಳಲ್ಲಿ ಕಾಫಿ ₹300 ಇರೋದು ಕಾಫಿಗಲ್ಲ, ಅದು ಅವರಿಗೂ ಗೊತ್ತು, ನಮಗೂ ಗೊತ್ತು. ಅಲ್ಲಿ ನಾಲ್ಕು ಗಂಟೆ ಕೂತ್ಕೊಳ್ಳಿ, ಲ್ಯಾಪ್‌ಟಾಪ್ ಚಾರ್ಜ್ ಹಾಕಿ, ಪೂರ್ತಿ ವಸೂಲಿ ಮಾಡಿ. ಈ ಹೋಟ್ಲಿಗೇ ಹರಟೆಗೆ ಹೋಗ್ಬೇಕು ಅಂದ್ರೆ ಮಧ್ಯಾಹ್ನ ಮೂರೂವರೆ ಮೇಲೆ ಹೋಗಿ. ಆಗ ಒಳಗೆ ಯಾರೂ ಇರಲ್ಲ, ಅಡುಗೆ ಅಣ್ಣ ಮೊಬೈಲ್ ನೋಡ್ತಾ ಕೂತಿರ್ತಾರೆ, ಆರರವರೆಗೆ ಕೂತ್ರೂ ಯಾರೂ ಏನೂ ಕೇಳಲ್ಲ. ನಾನು ಸ್ಟಾಟಿಸ್ಟಿಕ್ಸ್ ಅಸೈನ್‌ಮೆಂಟ್ ಮುಗಿಸಿದ್ದು ಅಲ್ಲೇ. ಬಬಲ್ ಟೀ ಮಾತ್ರ ಸಾಕು ಅನ್ನೋರು ಪಾರ್ಸಲ್ ತಗೊಂಡು ನಡೀತಾ ಕುಡೀರಿ. ತೈವಾನ್‌ನಲ್ಲೂ ಬಹಳಷ್ಟು ಟೀ ಅಂಗಡಿಗಳು ಬರೀ ಒಂದು ಕಿಟಕಿ, ಒಳಗೆ ಕುರ್ಚಿನೇ ಇರಲ್ಲ. ಸಕ್ಕರೆ ಎಷ್ಟು, ಐಸ್ ಎಷ್ಟು ಅಂತ ಹೇಳು, ಲೋಟ ತಗೋ, ಹೊರಡು.

ಆ ಒಂದು ಸ್ಟಾರ್ ಕೊಟ್ಟ ಮಹಾನುಭಾವ ಇದನ್ನ ಓದ್ತಿದ್ರೆ: ಕೋಪ ಇಲ್ಲ ಮಚ್ಚಾ. ಆದ್ರೆ ಆ ರಿವ್ಯೂಲಿ ಒಂದು ಸಾಲು ಊಟದ ಬಗ್ಗೆನೂ ಬರಿ. ಮೊಟ್ಟೆ ಹೇಗಿತ್ತು, ಅನ್ನ ಬಿಸಿ ಇತ್ತಾ, ₹220ಕ್ಕೆ ಹೊಟ್ಟೆ ತುಂಬ್ತಾ. ಹೋಟ್ಲು ಹುಡುಕೋರಿಗೆ ಬೇಕಾಗಿರೋದು ಅದು.

ಶನಿವಾರ ಹನ್ನೆರಡೂವರೆಗೆ ಮೂರು ಜನ ಹೋಗ್ತಿದೀವಿ, ರಶ್ ಶುರು ಆಗೋ ಮುಂಚೆ. ಟೇಬಲ್‌ಗೆ ನಾಲ್ಕು ಸೀಟು. ಒಬ್ರು ಬರ್ಬೋದು, ಗೊತ್ತಿಲ್ದಿರೋರಾದ್ರೂ ಪರವಾಗಿಲ್ಲ 😄 ಅವರವರ ಬಿಲ್ ಅವರವ್ರೇ ಯುಪಿಐ ಮಾಡ್ಬೇಕು, ಒಂದು ಗಂಟೆ ಹದಿನೈದಕ್ಕೆ ಎದ್ದು ಹೊರಡ್ಬೇಕು. ಬರೋರು ಕಾಮೆಂಟಲ್ಲಿ "ಕ್ಯೂ" ಅಂತ ಹಾಕಿ.

ಮುಂದಿನ ಕಂತು: ಸ್ಟೂಡೆಂಟ್ ಬಸ್ ಪಾಸ್ ಮತ್ತು ಮೆಟ್ರೋ, ಯಾರಿಗೆ ಯಾವುದು ಲಾಭ.

#ಪಾಕೆಟ್‌ಮನಿಸರಣಿ #ನಾಣ್ಯದರುಚಿ #ಬಿಕಾಂಬದುಕು #ಕನ್ನಡದಲ್ಲಿಊಟ